ಎಡಗಡೆಯ ಬಾಗಿಲು

ಶಿದ್ರಾಮನ ಕಥೆ ಹೇಳಬೇಕೆಂದರೆ ಅದರಲ್ಲಿ ನನ್ನ ತಪ್ಪೂ ಬರುತ್ತದೆ. ಬರಲಿ, ಅದರ ಜಾಗ ಬಂದಾಗ ಹೇಳುತ್ತೇನೆ. ಐವತ್ತೆಂಟನೇ ಇಸವಿಯಲ್ಲಿ ಒಂದು ಕಾರಿನ ಬಾಗಿಲು ಕಾಯುವುದಕ್ಕೆ ನಾವಿಬ್ಬರು ತಲೆ ಕೆಡಿಸಿಕೊಂಡಷ್ಟು ನಮ್ಮ ಮದುವೆಗಳಿಗೂ ಕೆಡಿಸಿಕೊಂಡಿರಲಿಲ್ಲ.

ಶಿದ್ರಾಮ ಮೂಡಲಗಿ ಕಡೆಯ ತುಕ್ಕಾನಟ್ಟಿಯವನು. ಹುಕ್ಕೇರಿಯ ಬೆಲ್ಲದ ವ್ಯಾಪಾರಿ ಗುರುಲಿಂಗಪ್ಪ ಸಾವಕಾರರ ಹತ್ತಿರ ಹನ್ನೆರಡು ವರ್ಷ ಎತ್ತಿನ ಗಾಡಿ ಹೊಡೆದ. ಸಾವಕಾರರು ಕಾರು ತರುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಯಮಕನಮರಡಿಯ ಒಬ್ಬ ಲಾರಿ ಡ್ರೈವರನ ಬೆನ್ನು ಬಿದ್ದು, ಅವನ ಬಟ್ಟೆ ಒಗೆದು, ಲಾರಿ ತೊಳೆದು, ಬೈಸಿಕೊಂಡು, ಆರು ತಿಂಗಳಲ್ಲಿ ಲೈಸನ್ಸ್ ತಂದೇ ಬಿಟ್ಟ. ಕರಿ ಬಣ್ಣದ ಲ್ಯಾಂಡ್‌ಮಾಸ್ಟರ್ ಕಾರು ಬಂತು. ಎತ್ತಿನ ಮೈ ತಿಕ್ಕಿದ ಕೈ ಸುಮ್ಮನಿರುತ್ತದೆಯೇ? ಚಿಮಣಿ ಎಣ್ಣೆ ಹಚ್ಚಿ, ಹಳೆಯ ಧೋತರದ ತುಂಡಿನಿಂದ ಬೆಳಗ್ಗೆ ಒಮ್ಮೆ ಸಂಜೆ ಒಮ್ಮೆ ತಿಕ್ಕುತ್ತಿದ್ದ. ಆ ಬಾಗಿಲಲ್ಲಿ ಮುಖ ನೋಡಿಕೊಂಡು ಮೀಸೆ ತಿರುವಬಹುದಿತ್ತು. ಊರಿನ ಅರ್ಧ ಜನ ತಿರುವಿಯೂ ತಿರುವಿದರು.

ಸಂತೆಯ ದಿನ ಕಾರು ನಿಲ್ಲುತ್ತಿದ್ದದ್ದು ಬಯಲಿನ ಬೇವಿನ ಮರದ ಕೆಳಗೆ. ಅಲ್ಲಿ ನೆರಳಿತ್ತು, ಸಾವಕಾರರ ಅಂಗಡಿಯಿಂದ ಕಾರು ಕಾಣುತ್ತಿತ್ತು, ಬೇರೆ ಕಡೆ ನಿಲ್ಲಿಸಿದರೆ ಅವರಿಗೆ ಸಮಾಧಾನವಿರಲಿಲ್ಲ. ಕಾರಿನ ಬಲಗಡೆ ರಸ್ತೆ. ರಸ್ತೆಯ ಆಚೆ ಬದಿಯ ಕಟ್ಟೆಯ ಮೇಲೆ ನಾನು, ನನ್ನ ಹೊಲಿಗೆ ಮಷೀನು. ಊರಿಗೆ ನಾನು ಶಿಂಪಿಗ ಅಲ್ಲಪ್ಪ. ಕಾರಿನ ಎಡಗಡೆ ಮರ, ಮರದ ಬುಡದಲ್ಲಿ ಹುಲ್ಲು ಮಾರುವ ಉದ್ದವ್ವ. ಊರ ಹೊರಗಿನ ಕೇರಿಯವಳು. ಇಪ್ಪತ್ತು ವರ್ಷದಿಂದ ಅದೇ ಬುಡದಲ್ಲಿ ಹುಲ್ಲಿನ ಹೊರೆ ಇಳಿಸಿ, ಬಡಿಗೆಯನ್ನು ಮಗ್ಗುಲಿಗಿಟ್ಟುಕೊಂಡು ಕೂತವಳು. ಕಾರು ಬಂದ ಮೇಲೆ, ಅದಕ್ಕೆ ಸೆರಗು ತಾಗಿದರೂ ಎಲ್ಲಿ ಮಾತು ಬರುತ್ತದೋ ಎಂದು ತಾನೇ ನಾಲ್ಕು ಹೆಜ್ಜೆ ದೂರ ಸರಿದಿದ್ದಳು.

ಮೊದಲನೆಯ ಗುಳಿ ಕಂಡ ದಿನ ಶಿದ್ರಾಮ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋದ. ಎಡಗಡೆಯ ಹಿಂದಿನ ಬಾಗಿಲು. ಮೊಣಕಾಲೆತ್ತರದಲ್ಲಿ, ಬಟ್ಟಲಿನಷ್ಟು ದುಂಡಗೆ ಒಳಗೆ ಹೋಗಿತ್ತು.

"ಇದ್ಯಾರ ಕೆಲಸೋ ಅಲ್ಲಪ್ಪಣ್ಣಾ? ಒದ್ದಾರೋ ಗುದ್ದ್ಯಾರೋ ಒಂದೂ ತಿಳೀವಲ್ದು. ಗೀರು ಬಿದ್ದಿಲ್ಲ, ಬಣ್ಣ ಹಾರಿಲ್ಲ. ಬರೇ ಗುಳಿ!"

"ಗಾಡಿ ನೊಗ ಬಡದಿರಬೇಕು ತಗೋ," ಎಂದೆ.

"ನೊಗ ಇಷ್ಟ ಕೆಳಗ ಬಡೀತೈತೇನು? ಹನ್ನೆರಡು ವರ್ಷ ಗಾಡಿ ಹೊಡದವಗ ಹೇಳ್ತೀಯಲ್ಲ!"

ಆದರೂ ಅವನು ಎರಡು ಗೋಣಿಚೀಲಕ್ಕೆ ಹತ್ತಿ ತುಂಬಿ ನನ್ನಿಂದಲೇ ಬಾಯಿ ಹೊಲಿಸಿಕೊಂಡು, ರಸ್ತೆಯ ಕಡೆಯ ಬಾಗಿಲುಗಳಿಗೆ ತೂಗುಹಾಕಿದ. ಗಾಡಿಗಳು ಬರುವುದು ಆ ಕಡೆಯಿಂದಲ್ಲವೇ, ಅದಕ್ಕೆ. ಗುಳಿ ಬಿದ್ದದ್ದು ಎಡಗಡೆ ಎಂಬುದು ನನಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ. ಕೆಟ್ಟ ಬಾಗಿಲನ್ನು ಗೋಕಾಕದ ಒಬ್ಬ ಗೊಂಬೆ ಮಾಡುವವನ ಹತ್ತಿರ ಒಯ್ದ. ಅವನು ಒಳಗಿನಿಂದ ಮೆಲ್ಲಗೆ ಬಡಿದು ಸರಿಮಾಡಿ, ಗೊಂಬೆಗಳಿಗೆ ಹಚ್ಚುವ ಬಣ್ಣ ಹಚ್ಚಿಕೊಟ್ಟ. ಬಾಗಿಲು ಮೊದಲಿಗಿಂತ ಹೆಚ್ಚು ಹೊಳೆಯಿತು.

ಮುಂದಿನ ಸಂತೆಗೆ ಮತ್ತೆ ಗುಳಿ. ಈ ಸಲ ಗುಳಿಯ ನಡುವೆ ಅರಿಷಿಣದ ಪುಡಿ.

ಅರಿಷಿಣ ಕಂಡದ್ದೇ ಸಾವಕಾರರ ಮುಖ ಬಿಳುಚಿತು. ದಿನಾ ಪೂಜೆ ಮಾಡಿ ಶರಣರ ಮಾತು ಹೇಳುವ ಮನುಷ್ಯ, ಮಾಟ-ಮಂತ್ರ ಸುಳ್ಳು ಎಂದು ನಮಗೇ ಬುದ್ಧಿ ಹೇಳುತ್ತಿದ್ದವರು. "ಯಾರೋ ಏನೋ ಮಾಡಿಸ್ಯಾರ, ಶಿದ್ರಾಮ. ಯಾರಂತ ಹುಡುಕು. ಹುಡುಕೂದು ಆಗಲಿಲ್ಲಂದ್ರ ಕೀಲಿ ಕೊಟ್ಟು ಮತ್ತ ಎತ್ತಿನ ಗಾಡಿ ಹತ್ತು," ಎಂದರು. ಶಿದ್ರಾಮ ಅಂದು ಊಟ ಮಾಡಲಿಲ್ಲ. ಊರೆಲ್ಲ "ಡ್ರೈವರ್ ಸಾಹೇಬ್ರ" ಎಂದು ಕರೆಯತೊಡಗಿ ಇನ್ನೂ ವರ್ಷವಾಗಿರಲಿಲ್ಲ.

ಇನ್ನು ನನ್ನ ತಪ್ಪು. ಮೂರನೆಯ ಸಂತೆಯ ದಿನ ನಾನೊಂದು ಅಂಗಿಗೆ ಕಾಲರು ಕೂಡಿಸುತ್ತಿದ್ದೆ. ಕಾರಿನ ಕಡೆಯಿಂದ ಧಡ್ ಎಂದು ಸಪ್ಪಳ ಬಂತು. ತಲೆ ಎತ್ತಿದೆ. ಕಾರಿನ ಮೇಲಿಂದ ಉದ್ದವ್ವನ ತಲೆ ಕಾಣಿಸಿತು, ಎತ್ತಿದ ಬಡಿಗೆ ಕಾಣಿಸಿತು. ಬಡಿಗೆ ಕೆಳಗಿಳಿಯಿತು. ನನ್ನ ಈ ಎರಡು ಕಣ್ಣಿನಿಂದ ನೋಡಿದೆ, ಸುಳ್ಳಲ್ಲ. ಎದ್ದು ನಿಂತು ಬಯಲೆಲ್ಲ ಕೇಳುವಂತೆ ಕೂಗಿದೆ: "ಸಿಕ್ಕಳು! ಬಡಿಗಿಲೆ ಹೊಡದ್ಳು, ನಾ ನೋಡೇನಿ!"

ಜನ ಕೂಡಿತು. ಬಾಗಿಲಿಗೆ ಹೊಸ ಗುಳಿ, ಗುಳಿಯೊಳಗೆ ಅರಿಷಿಣ. ಸಾವಕಾರರು ಬಂದರು.

"ಯಾಕ ಮಾಡಿದಿ ಉದ್ದವ್ವ? ನಾ ನಿನಗೇನ ಅನ್ಯಾಯ ಮಾಡೇನಿ?"

"ನಾ ಏನೂ ಮಾಡಿಲ್ರಿ ಯಪ್ಪಾ."

"ಬಡಿಗಿ ಎತ್ತಿದ್ದು ಖರೆ ಹೌದಲ್ಲ?"

"ಬಡಿಗಿ ಎತ್ತಿದ್ದು ಖರೇರಿ," ಎಂದು ಅವಳು ಒಮ್ಮೆ ಹಿಂದೆ ಮರದ ಕಡೆ ನೋಡಿದಳು. ಅಲ್ಲಿ ದ್ಯಾಮವ್ವ ದೇವಿಗೆ ಬಿಟ್ಟ ಟಗರು ಅವಳ ಹೊರೆಗೆ ಬಾಯಿ ಹಾಕಿ ಹುಲ್ಲು ಮೇಯುತ್ತಿತ್ತು. ದೇವರ ಟಗರು, ಯಾರ ಬುಟ್ಟಿಗೆ ಬಾಯಿ ಹಾಕಿದರೂ ಯಾರೂ ಕೈ ಎತ್ತುವಂತಿರಲಿಲ್ಲ. ಉದ್ದವ್ವ ಬಡಿಗೆಯನ್ನು ಕೆಳಗಿಟ್ಟಳು. ಸಂತೆಯ ಗುತ್ತಿಗೆಯವನು ಅವಳ ಹೊರೆಯನ್ನು ಎತ್ತಿಸಿ ರಸ್ತೆಗೆ ಇಡಿಸಿದ. ಇನ್ನು ಮೇಲೆ ಈ ಬಯಲಿಗೆ ಕಾಲಿಡಬೇಡ ಎಂದ. ಶಿದ್ರಾಮ ನನಗೆ ಚಹಾ ಕುಡಿಸಿದ. ಬಿಸ್ಕೀಟು ಕೂಡ ಕೊಡಿಸಿದ. ನಾನು ತಿಂದೆ.

ಮುಂದಿನ ಸಂತೆಗೆ ಉದ್ದವ್ವ ಇರಲಿಲ್ಲ. ಗುಳಿ ಮಾತ್ರ ನಾಲ್ಕು ಬಿದ್ದಿದ್ದವು!

ಒಂದಲ್ಲ, ನಾಲ್ಕು. ನಾನು ಎಣಿಸಿದೆ, ಶಿದ್ರಾಮ ಎಣಿಸಿದ, ಮತ್ತೆ ನಾನು ಎಣಿಸಿದೆ. ಕಳ್ಳಿಯನ್ನು ಓಡಿಸಿದ ಮೇಲೆ ಕಳವು ಹೆಚ್ಚಾಗುವುದೆಂದರೇನು? "ಕೇರ್ಯಾಗ ಕುಂತಲ್ಲೇ ಮಾಟಾ ಮಾಡಸ್ತಾಳಂತ," ಎಂದು ಚಹಾದಂಗಡಿಯ ಖಂಡೆಪ್ಪ ಹೇಳಿದ. ನಂಬಬೇಕೋ ಬಿಡಬೇಕೋ ತಿಳಿಯಲಿಲ್ಲ. ಸಾವಕಾರರು ಮಾತ್ರ ಇನ್ನು ಎರಡೇ ಸಂತೆ ನೋಡುತ್ತೇನೆ ಎಂದರು.

ಮರುಸಂತೆಗೆ ಶಿದ್ರಾಮ ಒಂದು ಉಪಾಯ ಮಾಡಿದ. ಕಾರು ನಿಲ್ಲಿಸಿ, ಮನೆಗೆ ಹೋದವನ ಹಾಗೆ ಮಾಡಿ, ಸುತ್ತಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಅಂಗಾತ ಮಲಗಿದ. ಬಿಸಿಲಿಗೆ ಒಳಗೆ ಬೆಂದು ಬದನೆಕಾಯಿಯಾಗಿರಬೇಕು. ಮಧ್ಯಾಹ್ನ ಧಡ್ ಎಂದಿತು. ತಲೆ ಎತ್ತಿ ಕಿಟಕಿಯಲ್ಲಿ ನೋಡಿದ, ಆ ಕಡೆ ನೋಡಿದ, ಈ ಕಡೆ ನೋಡಿದ, ಬಾಗಿಲು ತೆರೆದು ನನ್ನ ಕಟ್ಟೆಗೆ ಓಡಿಬಂದ.

"ಯಾರೂ ಇಲ್ಲೋ ಅಲ್ಲಪ್ಪಣ್ಣಾ! ದ್ಯಾಮವ್ವನ ಟಗರ ಒಂದ ಬಿಟ್ರ ಒಂದು ನರಪಿಳ್ಳೆ ಇಲ್ಲ!"

"ಟಗರ ಬಿಟ್ರ ಯಾರೂ ಇಲ್ಲಾ?"

"ಯಾರಂದ್ರ ಯಾರೂ ಇಲ್ಲ!"

"ಹಂಗಾರ ದೆವ್ವದ ಗಾಳೀನ ಇರಬೇಕೋ," ಎಂದೆ. ನನ್ನ ಮೈಯೂ ಜುಂ ಎಂದಿತು. ಈಗ ನೆನೆದರೆ ನನ್ನ ತಲೆಯನ್ನು ನಾನೇ ಗೋಡೆಗೆ ಬಡಿದುಕೊಳ್ಳಬೇಕು ಅನಿಸುತ್ತದೆ. ದೇವರು ಕಣ್ಣು ಕೊಟ್ಟದ್ದು ನಮಗೆ ಸೂಜಿಗೆ ದಾರ ಪೋಣಿಸುವುದಕ್ಕೆ ಮಾತ್ರವೇ?

ಕೊನೆಯ ಸಂತೆ ಉಳಿಯಿತು. ಶಿದ್ರಾಮ ಅಳುವುದೊಂದು ಬಾಕಿ. "ಅಣ್ಣಾ, ನೀ ಆ ಕಡೆ ಮರದ ಬುಡಕ್ಕ ಕುಂಡ್ರು. ನಿನ್ನ ಕಾಲಿಗೆ ಬೀಳ್ತೀನಿ. ಮತ್ತ ಎತ್ತಿನ ಬಾಲ ಹಿಡದರ ನನ್ನ ಹೆಂಡತಿ ತವರಮನ್ಯಾಗ ಹೆಂಗ ಮಾರಿ ತೋರಿಸ್ಯಾಳು?" ಎಂದ. ಹೋಗಲಿ ಪಾಪ ಎಂದು ನಾನು ಗುಂಡಿ ಹಚ್ಚುವ ಅಂಗಿಗಳನ್ನೂ ಅಳತೆಯ ಗಜಕೋಲನ್ನೂ ಹಿಡಿದುಕೊಂಡು ಹೋಗಿ, ಉದ್ದವ್ವ ಮೊದಲಿನಿಂದ ಕೂರುತ್ತಿದ್ದ ಜಾಗದಲ್ಲೇ ಕೂತೆ. ಇಪ್ಪತ್ತು ವರ್ಷ ಕೂತು ಕೂತು ನೆಲ ಅಲ್ಲಿ ತಗ್ಗಾಗಿತ್ತು.

ಹೊತ್ತು ನೆತ್ತಿಗೆ ಬಂತು. ಟಗರು ಬಂತು. ಹಣೆಯ ತುಂಬ ಭಕ್ತರು ಹಚ್ಚಿದ ಅರಿಷಿಣ. ಕಾರಿನ ಮಗ್ಗುಲಿಗೆ ಬಂದು ಥಟ್ಟನೆ ನಿಂತಿತು. ಬಾಗಿಲಲ್ಲಿ ಇನ್ನೊಂದು ಟಗರು! ಶಿದ್ರಾಮ ತಿಕ್ಕಿ ತಿಕ್ಕಿ ಹೊಳೆಯಿಸಿದ ಬಾಗಿಲಲ್ಲಿ ಅಷ್ಟೇ ದೊಡ್ಡ, ಅಷ್ಟೇ ಸೊಕ್ಕಿನ ಟಗರು ಇದನ್ನೇ ದುರುಗುಟ್ಟಿ ನೋಡುತ್ತಿತ್ತು. ನಮ್ಮದು ಹತ್ತು ಹೆಜ್ಜೆ ಹಿಂದಕ್ಕೆ ಹೋಯಿತು, ಕಾಲಿನಿಂದ ನೆಲ ಕೆರೆಯಿತು, ತಲೆ ತಗ್ಗಿಸಿ ಓಡಿಬಂದು ಧಡ್ ಎಂದು ಗುದ್ದಿತು. ಮತ್ತೆ ಹಿಂದೆ ಸರಿಯಿತು. ನಾನು ಎದ್ದವನೇ, ದೇವರದೋ ದೆವ್ವದ್ದೋ ಎಂದೂ ನೋಡದೆ, ಗಜಕೋಲು ಎತ್ತಿ "ಹಚಾ!" ಎಂದೆ.

ರಸ್ತೆಯಾಚೆಯಿಂದ ಖಂಡೆಪ್ಪನ ದನಿ ಬಂತು: "ಏ ಅಲ್ಲಪ್ಪಾ! ಸಾವಕಾರ್ರ ಗಾಡಿಗ್ಯಾಕ ಬಡಿಯಾಕತ್ತೀಯೋ?"

ಕೋಲು ಮೇಲೆಯೇ ನಿಂತಿತು. ಅವನ ಮುಖ ನನಗೆ ಕಾರಿನ ಮೇಲಿಂದ ಕಾಣುತ್ತಿತ್ತು, ನನ್ನದು ಅವನಿಗೆ ಕಾಣುತ್ತಿತ್ತು. ನಡುವೆ ಇರುವ ಟಗರು ಅವನಿಗೆ ಕಾಣುತ್ತಿರಲಿಲ್ಲ. ಅಂದು ನನಗೂ ಕಂಡಿರಲಿಲ್ಲ. ಜನ ಕೂಡಿತು, ಸಾವಕಾರರು ಬಂದರು, ಟಗರು ಅವರೆಲ್ಲರ ಎದುರಿಗೇ ಇನ್ನೊಮ್ಮೆ ಗುದ್ದಿ ತೋರಿಸಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ದೇವರ ಟಗರಿಗೆ ಕೋಲು ಎತ್ತಿದೆಯಲ್ಲ ಎಂದು ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಮಷೀನನ್ನು ಯಾರೂ ರಸ್ತೆಗೆ ಎತ್ತಿಡಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆ ಬರೆ ಎಳೆದ ಕೈ ನನ್ನದು.

ಶಿದ್ರಾಮನೂ ನಗಲಿಲ್ಲ. "ಹಂಗಾರ ಆಕಿ ಬಡಿಗಿ ಎತ್ತಿದ್ದು…" ಎಂದವನು ನೆಲ ನೋಡಿದ. ಇದ್ದಷ್ಟು ದಿನ ಅವನ ಬಾಗಿಲನ್ನು ಕಾದವಳು ಅವಳು. ಒಂದು ಗುಳಿ ಬೀಳುವಲ್ಲಿ ಮೂರನ್ನು ತಪ್ಪಿಸಿದವಳು.

ಸಾವಕಾರರು, "ಬರ್ಲಿ ಬಿಡು ಆಕಿ, ಗಾಡಿ ಕಾಯಾಕರ ಆಗತೈತಿ," ಎಂದರು. ಅಂದೇ ಸಂಜೆ ನಾವಿಬ್ಬರೂ ಕೇರಿಗೆ ಹೋದೆವು. ಉದ್ದವ್ವ ಆಗಷ್ಟೇ ಸಂಕೇಶ್ವರದಿಂದ ನಡೆದು ಬಂದು ಹೊಸ್ತಿಲಲ್ಲಿ ಕಾಲು ಚಾಚಿ ಕೂತಿದ್ದಳು. ಹುಕ್ಕೇರಿಯ ಜಾಗ ಹೋದ ಮೇಲೆ ಹೊರೆ ಹೊತ್ತುಕೊಂಡು ಅಲ್ಲಿಗೆ ಹೋಗುತ್ತಿದ್ದಳು, ಮೂರು ಹರದಾರಿ ದಾರಿ. ಹಿಮ್ಮಡಿ ಒಡೆದು ರಕ್ತ ಬಂದಿತ್ತು. ನಮ್ಮನ್ನು ಕಂಡು ಎದ್ದು ನಿಂತಳು. ಅದರಿಂದ ನನಗೆ ಇನ್ನಷ್ಟು ನಾಚಿಕೆಯಾಯಿತು.

"ತಪ್ಪಾತು ಬೇ ಯವ್ವಾ," ಎಂದ ಶಿದ್ರಾಮ. "ಟಗರು ಅಂತ ಅವತ್ತ ಒಂದು ಮಾತು ಹೇಳಬಾರದಿತ್ತಾ?"

"ಯಾರು ಮಾಡ್ಯಾರ ಅಂತ ನನ್ನ ಯಾರು ಕೇಳಿದ್ರಿ? ಯಾಕ ಮಾಡಿದಿ ಅಂತ ಕೇಳಿದ್ರಿ," ಎಂದಳು ಉದ್ದವ್ವ. "ಮ್ಯಾಲ ದೇವರ ಟಗರಿಗೆ ಬಡಿಗಿ ಎತ್ತೀನಿ ಅಂತ ಹೇಳಿದ್ರ, ಬರೇ ಜಾಗಾ ಬಿಡಸ್ತಿದ್ರಾ? ಊರ ಬಿಡಸ್ತಿದ್ರಿ."

ಸಾವಕಾರರ ಮಾತನ್ನು ಶಿದ್ರಾಮ ತೊದಲುತ್ತ ಹೇಳಿದ. ಅವಳು, "ಬರ್ತೀನ್ರಿ. ನನ್ನ ಜಾಗಾ ಅದು. ಆದ್ರ ಬಡಿಗಿ ತರಾಂಗಿಲ್ಲ. ನಿಮ್ಮ ಬಾಗಲಾ ನೀವ ಕಾಯ್ಕೋರಿ," ಎಂದಳು.

ಶಿದ್ರಾಮ ಬಾಗಿಲು ತಿಕ್ಕುವುದನ್ನು ಬಿಟ್ಟು ನೋಡಿದ, ಕಾರು ಮಬ್ಬಾಯಿತೆಂದು ಸಾವಕಾರರು ಬೈದರು. ನಾನು ಹಳೆಯ ಸೀರೆ ತುಂಡುಗಳನ್ನು ಕೂಡಿಸಿ ಬಾಗಿಲಿಗೊಂದು ಕೌದಿ ಹೊಲಿದುಕೊಟ್ಟೆ. ಟಗರು ಅದರ ಅಂಚು ಕಚ್ಚಿ ಜಗ್ಗಿ, ನೆಲಕ್ಕೆ ಹಾಕಿ ತುಳಿದು, ತನ್ನ ವೈರಿಯನ್ನು ಹುಡುಕಿಕೊಂಡಿತು. ಕಡೆಗೆ ಶಿದ್ರಾಮ ಒಂದು ಬಡಿಗೆ ಕಡಿದು ತಂದು, ತಾನೇ ಎಡಗಡೆಯ ಬಾಗಿಲ ಹತ್ತಿರ ನಿಲ್ಲತೊಡಗಿದ. ಆ ಟಗರು ಸಾಯುವ ತನಕ, ನಾಲ್ಕು ವರ್ಷ, ಪ್ರತಿ ಸಂತೆಗೂ ನಿಂತ. ಡ್ರೈವರ್ ಸಾಹೇಬರನ್ನು ಊರು "ಟಗರಿನ ಶಿದ್ರಾಮ" ಎಂದು ಕರೆಯಿತು, ಅವನು ಒಮ್ಮೆಯೂ ಸಿಟ್ಟಾಗಲಿಲ್ಲ.

ಉದ್ದವ್ವ ತಿರುಗಿ ಬಂದ ಮೊದಲನೆಯ ಸಂತೆ ನನಗೆ ಚೆನ್ನಾಗಿ ನೆನಪಿದೆ. ಅವಳ ಹೊರೆ ಮರದ ಬುಡಕ್ಕೆ ನಾನೇ ಇಳಿಸಿದ್ದೆ. ಅವಳು ಕಾರಿಗೆ ಬೆನ್ನು ಹಾಕಿ ಕೂತಿದ್ದಳು. ಟಗರು ಬಂತು, ನಿಂತಿತು, ಹಿಂದೆ ಸರಿಯಿತು. ಶಿದ್ರಾಮ ಬಡಿಗೆ ಎತ್ತಿದ. ಉದ್ದವ್ವ ತಿರುಗಿ ಕೂಡ ನೋಡದೆ, ಹುಲ್ಲಿನ ಸಿವುಡು ಕಟ್ಟುತ್ತ ಹೇಳಿದಳು:

"ಸಾವಕಾಶ ಹೊಡೀರಿ ಯಪ್ಪಾ. ಯಾರರ ನೋಡಿದ್ರ ನಿಮ್ಮ ಜಾಗಾ ಹೋದೀತು."