ಅಕ್ಕನ ಕಾರು ಕುಡಿದ ನೀರು

ಬೀದಿಯ ಕೊನೆಯ ಶೆಡ್ಡಿನ ಮೆಕ್ಯಾನಿಕ್‌ನನ್ನು ಎಲ್ಲರೂ ಪ್ರೊಫೆಸರ್ ಎಂದೇ ಕರೆಯುತ್ತಿದ್ದರು. ಹಾಗಂತ ಅವನು ಶಾಲೆಯನ್ನು ಪೂರ್ತಿ ನೋಡಿದವನೇನಲ್ಲ. ಯಾರಾದರೂ ಬಾನೆಟ್ ಎತ್ತಿದರೆ ಸಾಕು, ಕೈಗೆ ಸ್ಪ್ಯಾನರ್ ಬರುವ ಮೊದಲೇ ಬಾಯಿಗೆ ಪಾಠ ಬಂದುಬಿಡುತ್ತಿತ್ತು. ಗಿರಾಕಿ ಹೊತ್ತಾಯಿತೆಂದು ಚಡಪಡಿಸಿದರೂ ಬಿಡುತ್ತಿರಲಿಲ್ಲ. "ಬುದ್ಧಿ ಇರಬೇಕಾದ ಜಾಗದಲ್ಲೆಲ್ಲ ಮಾತೇ ತುಂಬ್ಕೊಂಡಿದೆ, ಏನ್ ಮಾಡ್ಲಿ" ಎಂದು ತನ್ನನ್ನು ತಾನೇ ಆಡಿಕೊಳ್ಳುತ್ತಿದ್ದ. ಅದರಲ್ಲೊಂದು ಅನುಕೂಲವೂ ಇತ್ತು. ತಾನೇ ಎಲ್ಲ ಆಡಿಕೊಂಡುಬಿಟ್ಟರೆ ಬೇರೆಯವರಿಗೆ ಆಡಿಕೊಳ್ಳಲು ಏನೂ ಉಳಿಯುವುದಿಲ್ಲ. ಹೆಂಡತಿಗೆ ಮಾತ್ರ ಅದು ಹೇಗೋ ಉಳಿಯುತ್ತಿತ್ತು.

ಶೆಡ್ಡಿನ ನೆಲಕ್ಕೆ ಸಿಮೆಂಟು ಹಾಕಿದ್ದೂ ಅವನೇ. ತೊಳೆದ ನೀರು ನಿಲ್ಲದೆ ಬೀದಿಯ ಚರಂಡಿಗೆ ಹರಿಯಲೆಂದು ಹಿಂದೆ ಎತ್ತರ, ಬಾಗಿಲ ಕಡೆ ತಗ್ಗು ಮಾಡಿದ್ದ. ಅಲ್ಲಿಗೆ ಬರುವ ಗಾಡಿಗಳೆಲ್ಲ ಹಿಮ್ಮುಖವಾಗಿ ಒಳಗೆ ಹೋಗಬೇಕು, ಮುಖ ಬೀದಿಗೇ ಇರಬೇಕು. ಬೆನ್ನು ತೋರಿಸಿ ನಿಂತ ಗಾಡಿ ಕಂಡರೆ ಅಂಗಡಿ ಮುಚ್ಚಿದ ಹಾಗೆ ಕಾಣುತ್ತದೆ ಎನ್ನುವುದು ಅವನ ಪಾಠಗಳಲ್ಲೊಂದು.

ಆ ನೆಲದ ಮೇಲೆ ಅಕ್ಕನ ಕಾರು ಮೂರನೆಯ ಸಲ ಬಂದು ನಿಂತಿದ್ದ ದಿನ ಅವನಿಗೆ ಪಾಠ ಮಾಡುವ ಉಮೇದು ಇರಲಿಲ್ಲ.

ಅಕ್ಕ ಅರವತ್ತು ದಾಟಿದವಳು. ಜೀವನವಿಡೀ ಡ್ರೈವಿಂಗ್ ಸ್ಕೂಲಿನಲ್ಲಿ ಪುಟ್ಟ ಕಾರಿನ ಎಡಗಡೆ ಸೀಟಿನಲ್ಲಿ ಕೂತು, ಬೇರೆಯವರು ಓಡಿಸುವುದನ್ನು ನೋಡಿ ನೋಡಿ ದಣಿದಿದ್ದಳು. "ಊರಿಗೆಲ್ಲ ನಿಧಾನ, ನಿಧಾನ ಅಂತ ಹೇಳಿದ್ದಾಯ್ತು. ಇನ್ನು ನಾನು ಹೋಗ್ತೀನಿ" ಎಂದು ಕೆಲಸ ಬಿಟ್ಟ ತಿಂಗಳೇ ಸೂಪರ್‌ಚಾರ್ಜರ್ ಇರುವ ಹಳೆಯ ಕಾರೊಂದನ್ನು ಕೊಂಡಳು. ಮಗ ತಲೆಯ ಮೇಲೆ ಕೈ ಹೊತ್ತು ಕೂತ. ತಮ್ಮನೊಬ್ಬನೇ ಚಪ್ಪಾಳೆ ತಟ್ಟಿದ್ದು. "ನೀನು ತಗೋ ಅಕ್ಕ, ನಾನಿದೀನಲ್ಲ!" ಎಂದಿದ್ದ. ಈಗ ಆ 'ನಾನಿದೀನಲ್ಲ' ಎಂಬ ಮಾತು ನೆನಪಾದಾಗಲೆಲ್ಲ ಅವನಿಗೆ ಬಾನೆಟ್ಟಿನೊಳಗೆ ತಲೆ ಹುದುಗಿಸಿಕೊಳ್ಳೋಣ ಎನಿಸುತ್ತಿತ್ತು.

ಸೂಪರ್‌ಚಾರ್ಜರ್ ಎಂದರೆ ಎಂಜಿನ್ನಿನ ಬಾಯಿಗೆ ಗಾಳಿಯನ್ನು ಒತ್ತಿ ಒತ್ತಿ ತುರುಕುವ ಯಂತ್ರ. ತುರುಕಿದ ಗಾಳಿ ಕಾಯುತ್ತದೆ. ಆ ಕಾವು ಇಳಿಸಲು ಎಂಜಿನ್ನಿನ ಮೇಲೆ ಆಫ್ಟರ್‌ಕೂಲರ್ ಕೂತಿರುತ್ತದೆ. ಅದಕ್ಕೆ ಬೇರೆಯದೇ ನೀರು, ಬೇರೆಯದೇ ಪುಟ್ಟ ಪಂಪು. ಮುಂದುಗಡೆ, ದೀಪಗಳ ನಡುವೆ, ಬೇರೆಯದೇ ಪುಟ್ಟ ರೇಡಿಯೇಟರು, ಪಕ್ಕದಲ್ಲಿ ನೀರು ತುಂಬುವ ಡಬ್ಬಿ. ಅಕ್ಕನ ಮನೆಗೆ ಹೋಗುವ ದಾರಿ ಗುಡ್ಡ ಹತ್ತುವ ದಾರಿ. ಅರ್ಧ ಗುಡ್ಡ ಹತ್ತುವುದರೊಳಗೆ ಆಫ್ಟರ್‌ಕೂಲರ್ ಕಾದು ಕೆಂಡವಾಗಿ, ಕೆಂಪು ದೀಪ ಹತ್ತಿ, ಕಾರು ಉಸಿರು ಕಟ್ಟಿದವರ ಹಾಗೆ ತೆವಳುತ್ತಿತ್ತು. ಹಿಂದಿನಿಂದ ಬಂದ ಹಾಲಿನ ವ್ಯಾನು ಹಾರ್ನ್ ಹೊಡೆದು ದಾಟಿ ಹೋಗಿತ್ತು. ಕಾರು ಕೆಟ್ಟಿದ್ದಕ್ಕಿಂತ ಅಕ್ಕನಿಗೆ ಆ ಹಾರ್ನೇ ಹೆಚ್ಚು ನೋವು ಮಾಡಿತ್ತು.

ಮೊದಲ ಸಲ ಪ್ರೊಫೆಸರ್ ನೀರೆಲ್ಲ ಇಳಿಸಿ ಪಂಪು ಬದಲಾಯಿಸಿದ, ನೀರು ತುಂಬಿ ಕಳಿಸಿದ. ಗುಡ್ಡದಲ್ಲಿ ಮತ್ತೆ ದೀಪ ಹತ್ತಿತು. ಅಕ್ಕ ಹೇಗೋ ಮನೆ ಸೇರಿ, ಬೆಳಿಗ್ಗೆ ಡಬ್ಬಿ ನೋಡಿದರೆ ನೀರು ಇಳಿದಿತ್ತು. ಒಂದು ಜಗ್ ಸುರಿದು ಫೋನ್ ಮಾಡಿದಳು.

"ಈ ಕಾರು ನೀರು ಕುಡೀತಿದೆ ಕಣೋ."

"ಲೀಕ್ ಅಕ್ಕ, ಲೀಕು! ಸಿಕ್ತು ನೋಡು ಕಳ್ಳ. ಅದನ್ನ ಎಲ್ಲೂ ಓಡಿಸ್ಬೇಡ, ನೇರವಾಗಿ ಇಲ್ಲಿಗೆ ತಗೊಂಡ್ಬಾ."

ಎರಡನೆಯ ಸಲ ಹೋಸ್ ಪೈಪುಗಳನ್ನೂ ಕ್ಲಿಪ್ಪುಗಳನ್ನೂ ಹೊಸದು ಹಾಕಿದ. ಒಂದು ತೊಟ್ಟೂ ಸೋರಲಿಲ್ಲ. ಆದರೂ ಗುಡ್ಡದಲ್ಲಿ ದೀಪ, ಅಕ್ಕನ ಅಂಗಳದಲ್ಲಿ ಮತ್ತೆ ನೀರು ಮಾಯ, ಮತ್ತೊಂದು ಜಗ್, ಮತ್ತೆ ಫೋನು. ಮೂರನೆಯ ಸಲ ಮುಂದಿನ ರೇಡಿಯೇಟರ್ ಬಿಚ್ಚಿ, ಸಂದುಗಳಲ್ಲಿ ಸಿಕ್ಕಿದ್ದ ದೂಳು, ಹುಳುಗಳನ್ನು ಬ್ರಷ್ಷಿನಿಂದ ಒಂದೊಂದಾಗಿ ಕೀಳುತ್ತಾ ಕೂತ. ಹೆಂಡತಿ ಕಾಫಿ ಲೋಟ ಇಟ್ಟು ನೋಡಿದಳು.

"ತಲೆ ಬಾಚ್ತಿದೀರಾ ಅದಕ್ಕೆ?"

"ಗಾಳಿ ಆಡ್ಲಿ ಅಂತ ಕಣೇ."

"ನಿಮ್ಮ ತಲೆಗೂ ಒಂದ್ಸಲ ಆಡಿಸ್ಕೊಳ್ಳಿ. ಅತ್ತಿಗೆ ಹೇಳಿದ್ರು, ಭಾನುವಾರ ಯಾರೋ ಕಾರು ನೋಡೋಕೆ ಬರ್ತಾರಂತೆ. ಮಗ ಗೊತ್ತು ಮಾಡಿದಾನಂತೆ."

ಪ್ರೊಫೆಸರನ ಕೈಯಲ್ಲಿ ಬ್ರಷ್ಷು ನಿಂತಿತು. ಅಕ್ಕ ಇದನ್ನು ಅವನಿಗೆ ಹೇಳಿರಲಿಲ್ಲ. ಹೇಳದೇ ಇದ್ದದ್ದೇ ಹೆಚ್ಚು ಚುಚ್ಚಿತು. ಬೈದಿದ್ದರೆ ಸಹಿಸಬಹುದಿತ್ತು. ತಮ್ಮನಿಗೆ ಬೇಜಾರಾದೀತೆಂದು ಸುಮ್ಮನೆ ಮಾರಿಬಿಡುವುದಕ್ಕೆ ಹೊರಟಿದ್ದಾಳಲ್ಲ!

ರೇಡಿಯೇಟರ್ ಜೋಡಿಸಿ, ನೀರು ತುಂಬಿ ಕೊಟ್ಟ. ಶುಕ್ರವಾರ ಸಂಜೆ ಅಕ್ಕ ಕಾರು ತೆಗೆದುಕೊಂಡು ಹೋದಳು. ಸ್ವಲ್ಪ ಹೊತ್ತಿಗೇ ಫೋನ್ ಬಂತು.

"ಬಂತು ಕಣೋ ದೀಪ. ಹೋಗ್ಲಿ ಬಿಡು. ನೀನೂ ಎಷ್ಟಂತ ಒದ್ದಾಡ್ತೀಯ."

ಆ 'ಹೋಗ್ಲಿ ಬಿಡು' ಎಂಬ ಮಾತನ್ನು ಅವನು ಬಿಡಲಿಲ್ಲ. ಶನಿವಾರ ಬೆಳಿಗ್ಗೆ ಶೆಡ್ಡಿಗೆ ಬೀಗ ಹಾಕಿ, ಹಾಳೆಯಂಥ ರಟ್ಟೊಂದನ್ನು ಮಡಚಿ ಸ್ಕೂಟರಿಗೆ ಕಟ್ಟಿಕೊಂಡು, ತಾನೇ ಅಕ್ಕನ ಮನೆಗೆ ಹೊರಟ. ಅಲ್ಲೇ ನೀರು ಮಾಯವಾಗುವುದಾದರೆ ಅಲ್ಲೇ ಮಲಗಿ ಕಾಯುವುದು, ತೊಟ್ಟು ಬಿದ್ದ ಕೂಡಲೇ ಹಿಡಿಯುವುದು. ಇಷ್ಟು ವರ್ಷದ ಅನುಭವವೆಲ್ಲ ಸೇರಿ ಕೊಟ್ಟ ಉಪಾಯ ಇಷ್ಟೇ.

"ತಿಂಡಿ ತಿಂದ್ಯೇನೋ?" ಅಕ್ಕ ಕೇಳಿದಳು. ಕಾರಿನ ವಿಷಯ ಎತ್ತಲಿಲ್ಲ. ಕಾರು ಮನೆಯ ಕಡೆ ಮುಖ ಮಾಡಿ ಅಂಗಳದಲ್ಲಿ ನಿಂತಿತ್ತು, ತೊಳೆದು ಒರೆಸಿ ಹೊಳೆಯುವಂತೆ ಮಾಡಿಟ್ಟಿದ್ದಳು. ಅದು ಯಾರಿಗೋಸ್ಕರ ಎಂದು ಅವನೂ ಕೇಳಲಿಲ್ಲ.

"ಆಮೇಲೆ ತಿಂತೀನಿ. ನೀನು ಡಬ್ಬಿ ಮುಟ್ಬೇಡ."

ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟ, ರಟ್ಟು ಹಾಸಿದ, ಗೇಟಿನ ಕಡೆ ಕಾಲು ಚಾಚಿ ಎಂಜಿನ್ನಿನ ಕೆಳಗೆ ಅಂಗಾತ ಮಲಗಿದ. ಕಣ್ಣು ಪಿಳುಕಿಸದೆ ಪೈಪುಗಳನ್ನೇ ನೋಡಿದ. ತೊಟ್ಟಿಲ್ಲ. ಇನ್ನೊಂದಿಷ್ಟು ನೋಡಿದ. ಪೈಪುಗಳು ಯಾಕೋ ದೂರ ಹೋದ ಹಾಗಿತ್ತು. ಮತ್ತೆ ನೋಡಿದರೆ ಕಣ್ಣ ಮುಂದಿರುವುದು ಸೈಲೆನ್ಸರ್! ಅಂಗಳದ ನುಣುಪು ಕಲ್ಲುಹಾಸಿನ ಮೇಲೆ ರಟ್ಟು ಅವನನ್ನು ಹೊತ್ತುಕೊಂಡು ಮೆಲ್ಲಗೆ ಜಾರುತ್ತಿತ್ತು. ತೆವಳಿ ಮೇಲೆ ಬಂದ. ಮತ್ತೆ ಜಾರಿದ. ಎರಡನೆಯ ಸಲ ಕಾಲು ಗೇಟಿಗೆ ತಾಗಿ ಢಣ್ ಎಂದಾಗ ಅಕ್ಕ ಬಾಗಿಲಿಗೆ ಬಂದಳು.

"ಏನೋ ಅದು, ಜಾರುಬಂಡೆ ಆಟ ಆಡ್ತಿದೀಯಾ?"

"ಅಕ್ಕ, ನಿನ್ನ ಅಂಗಳ ಇಷ್ಟೊಂದು ಇಳಿಜಾರಾ?"

"ಮನೆ ಕಟ್ಟಿದಾಗಿಂದ ಹಿಂಗೇ ಇದೆ. ಇವತ್ತು ಕಾಣಿಸ್ತಾ ನಿನಗೆ?"

ಅವನು ಎದ್ದು ಕೂತ. ಕಾರಿನ ಮೂತಿ ಎತ್ತರದಲ್ಲಿತ್ತು, ಬಾಲ ತಗ್ಗಿನಲ್ಲಿತ್ತು. ಅವನ ಶೆಡ್ಡಿನಲ್ಲಿ ಮೂತಿ ತಗ್ಗಿನಲ್ಲಿರುತ್ತದೆ, ಬಾಲ ಎತ್ತರದಲ್ಲಿ. ನೀರು ತುಂಬುವ ಡಬ್ಬಿ ಮೂತಿಯಲ್ಲಿದೆ, ಆಫ್ಟರ್‌ಕೂಲರ್ ಅದರ ಹಿಂದೆ. ಶೆಡ್ಡಿನಲ್ಲಿ ಡಬ್ಬಿ ತುಂಬಿ ತುಳುಕಿದರೂ ಎತ್ತರದಲ್ಲಿರುವ ಆಫ್ಟರ್‌ಕೂಲರಿನೊಳಗೆ ಗಾಳಿ ಗುಳ್ಳೆ ಹಾಯಾಗಿ ಕೂತಿರುತ್ತದೆ. ಅಕ್ಕನ ಅಂಗಳಕ್ಕೆ ಬಂದು ಮೂತಿ ಮೇಲಾದ ಕೂಡಲೇ ಗಾಳಿ ಡಬ್ಬಿಯ ಕಡೆ ಏರುತ್ತದೆ, ಅದಿದ್ದ ಜಾಗಕ್ಕೆ ನೀರು ಹೋಗುತ್ತದೆ, ಡಬ್ಬಿ ಖಾಲಿಯಾಗುತ್ತದೆ. ಕಾರು ಇಲ್ಲಿ ತಾನಾಗಿ ವಾಸಿಯಾಗುತ್ತಿತ್ತು. ಅಷ್ಟರಲ್ಲಿ ಈ ಮಹಾನುಭಾವ ಓಡಿಸಬೇಡವೆಂದು ಹೇಳಿ, ಶೆಡ್ಡಿಗೆ ಕರೆಸಿ, ನೀರೆಲ್ಲ ಇಳಿಸಿ, ಹೊಸದಾಗಿ ಗಾಳಿ ತುಂಬಿ ಕಳಿಸುತ್ತಿದ್ದ.

ಸ್ವಿಚ್ಚು ತಿರುಗಿಸಿ ಪಂಪು ಓಡಿಸಿದ. ಡಬ್ಬಿಯ ಮುಚ್ಚಳ ತೆಗೆದು ಕಿವಿ ಕೊಟ್ಟ. ಗುಳುಗುಳು ಎಂದು ಗುಳ್ಳೆಗಳು ಎದ್ದವು.

"ಅಕ್ಕ, ಜಗ್ ತಗೊಂಡ್ಬಾ."

ಗುಳ್ಳೆ ಪೂರ್ತಿ ನಿಲ್ಲುವವರೆಗೆ ಅವನು ಸುರಿಯುತ್ತಲೇ ಇದ್ದ. ಆಮೇಲೆ ಬಾನೆಟ್ಟಿನ ಕಡೆ ಮುಖ ಮಾಡಿಕೊಂಡೇ, ಅಕ್ಕನ ಕಡೆ ತಿರುಗುವ ಧೈರ್ಯವಿಲ್ಲದೆ, ಎಲ್ಲ ಹೇಳಿದ. ಮೊದಲು ಕೆಟ್ಟಿದ್ದು ಹಳೆಯ ಪಂಪೊಂದೇ, ಹೊಸ ಪಂಪು ಚೆನ್ನಾಗಿತ್ತು. ಪೈಪುಗಳೂ ಚೆನ್ನಾಗಿದ್ದವು. "ಕಾಯಿಲೆ ಹಚ್ತಿದ್ದೋನೂ ನಾನೇ, ಔಷಧಿ ಕೊಡ್ತಿದ್ದೋನೂ ನಾನೇ. ಔಷಧಿ ಕೊಟ್ಟಾಗಲೇ ಕಾಯಿಲೆ ಬರ್ತಿತ್ತು."

ಅಕ್ಕ ಕೀಲಿ ತೆಗೆದುಕೊಂಡಳು. "ಹತ್ತು" ಎಂದಳು.

ಗುಡ್ಡದ ಬುಡದವರೆಗೆ ಇಳಿದು, ಕಾರು ತಿರುಗಿಸಿ, ಅವಳು ಒತ್ತಿದ ರಭಸಕ್ಕೆ ಪ್ರೊಫೆಸರ್ ಸೀಟಿಗೆ ಅಂಟಿಕೊಂಡ. ಮೊದಲ ತಿರುವು ಬಂತು. ಅವನು ರಸ್ತೆ ನೋಡಲಿಲ್ಲ, ದೀಪ ಹತ್ತುವ ಜಾಗವನ್ನೇ ನೋಡಿದ. ದೀಪ ಹತ್ತುತ್ತಿದ್ದ ತಿರುವೂ ಬಂತು, ಹೋಯಿತು. ಮುಂದೆ ಹಾಲಿನ ವ್ಯಾನು ಕುಂಟುತ್ತಾ ಹತ್ತುತ್ತಿತ್ತು. ಅಕ್ಕ ಕನ್ನಡಿ ನೋಡಿ, ಇಂಡಿಕೇಟರ್ ಹಾಕಿ, ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸಿದಷ್ಟೇ ಕ್ರಮವಾಗಿ ಅದನ್ನು ಹಿಂದೆ ಹಾಕಿದಳು. ಹಾರ್ನ್ ಮಾತ್ರ ಹೊಡೆಯಲಿಲ್ಲ. ಕಾರು ಗುಡ್ಡದ ನೆತ್ತಿ ತಲುಪಿತು. ದೀಪ ಹತ್ತಲೇ ಇಲ್ಲ.

ಅವಳು ಪಕ್ಕಕ್ಕೆ ನಿಲ್ಲಿಸಿದಳು. ಕಣ್ಣು ಒದ್ದೆಯಾಗಿತ್ತೋ, ಗಾಳಿಗೆ ಹಾಗಾಗಿತ್ತೋ, ಅವನು ನೋಡಲು ಹೋಗಲಿಲ್ಲ.

"ಇನ್ಮೇಲೆ ನಿನ್ನ ಶೆಡ್ಡಿಗೆ ನಾನು ಈ ಕಾರು ತರೋದಿಲ್ಲ" ಎಂದಳು.

"ನ್ಯಾಯ" ಎಂದ ಅವನು ತಲೆ ತಗ್ಗಿಸಿ.

"ಸಾಮಾನು ತಗೊಂಡು ನೀನೇ ಮನೆಗೆ ಬಾ. ಊಟಾನೂ ಮಾಡ್ಕೊಂಡು ಹೋಗು. ಈಗ ಆ ನಾಳೆ ಕಾರು ನೋಡೋಕೆ ಬರೋರಿಗೆ ಫೋನ್ ಮಾಡು, ನಂಬರ್ ನನ್ನ ಫೋನಲ್ಲಿದೆ. ನನ್ನ ಮಗನಿಗೆ ನಾನು ಹೇಳ್ಕೋತೀನಿ."

ಪ್ರೊಫೆಸರ್ ಫೋನ್ ಮಾಡಿದ. ಗಾಡಿ ಮಾರುವುದಿಲ್ಲ ಎಂದು ಕೇಳಿ ಆ ಕಡೆಯವರಿಗೆ ಸಿಟ್ಟು ಬಂತು. ಕೆಟ್ಟಿದೆ, ಯಾರ ಕೈಲೂ ರಿಪೇರಿ ಆಗ್ತಿಲ್ಲ ಅಂದಿದ್ರಲ್ಲ ಎಂದರು.

"ಗಾಡಿ ಚೆನ್ನಾಗಿದೆ ಸಾರ್. ಮೆಕ್ಯಾನಿಕ್ ಸರಿ ಇರ್ಲಿಲ್ಲ."

"ಯಾರ್ರೀ ಅಂಥ ಮೆಕ್ಯಾನಿಕ್ಕು? ಹೇಳಿ, ನಾವು ಆ ಕಡೆ ತಲೆ ಹಾಕೋದಿಲ್ಲ."

ಅವನು ಅಕ್ಕನ ಮುಖ ನೋಡಿದ. ಅಕ್ಕ ತುಟಿ ಕಚ್ಚಿ ನಗು ತಡೆಯುತ್ತಿದ್ದಳು.

"ಅವನ್ಯಾರೋ ಕೈಲಾಗದೋನು ಸಾರ್, ಹೆಸರು ಬೇಡ ಬಿಡಿ" ಎಂದ. "ನಾನು ಇವರ ತಮ್ಮ."