ಅಹ್ಮದಸಾಬರ ಉಸಿರು

ಹುನಗುಂದದ ಅಹ್ಮದಸಾಬರು ಮದುವೆ ಬ್ಯಾಂಡಿನಲ್ಲಿ ಇಪ್ಪತ್ತಾರು ವರ್ಷ ಕ್ಲಾರಿನೆಟ್ ಊದಿದವರು. ೨೦೦೩ರ ಬೇಸಿಗೆಯಲ್ಲಿ ಮಾತ್ರ ಅವರು ಊದಲಿಲ್ಲ. ವಾದ್ಯವನ್ನು ತುಟಿಗಿಟ್ಟು ಬರೀ ಬೆರಳಾಡಿಸುತ್ತಿದ್ದರು. ಹತ್ತು ಹೆಜ್ಜೆಗೆ ಏದುಸಿರು. ಮಲಗಿದರೆ ಎದೆಯ ಮೇಲೆ ಯಾರೋ ಕೂತಂತಾಗಿ, ಗೋಡೆಗೆ ಒರಗಿಯೇ ನಿದ್ದೆ ಮಾಡುತ್ತಿದ್ದರು. ಅವರ ಅಪ್ಪ ಎದೆ ಹಿಡಿದುಕೊಂಡು ತೀರಿಹೋದದ್ದು ಇದೇ ಐವತ್ತೆರಡನೇ ವಯಸ್ಸಿಗೆ. ಈಗ ತಮ್ಮ ಸರದಿ ಎಂದುಕೊಂಡು, ಹೆಂಡತಿ ಶಹರಬಾನುವಿನ ಮುಂದೂ ಬಾಯಿ ಬಿಟ್ಟಿರಲಿಲ್ಲ.

ಕಮತಗಿಯ ಮೆರವಣಿಗೆಯೊಂದರಲ್ಲಿ, ಪಕ್ಕದಲ್ಲೇ ಡೋಲು ಬಾರಿಸುತ್ತಿದ್ದ ಬಸವಂತ ಹಾಡು ಮುಗಿಯುತ್ತಲೇ ಅವರನ್ನು ಕಟ್ಟೆಯ ಮೇಲೆ ಕೂರಿಸಿದ. ಬೂಟಿನ ಮೇಲೆ ಅವರ ಕಣಕಾಲುಗಳು ಉಬ್ಬಿಕೊಂಡಿದ್ದವು.

"ನಿಮ್ಮ ಕ್ಲಾರಿನೆಟ್ ಕೇಳಿ ತಿಂಗಳಾತು. ನನಗ ತಿಳಿಯಂಗಿಲ್ಲ ಅನ್ಕೊಂಡ್ರೇನು? ನಾಳೆ ಬಾಗಲಕೋಟಿಗೆ ನಡೀರಿ, ನಾನೂ ಬರ್ತೇನಿ."

ಅಲ್ಲಿಯ ಹೃದಯದ ಡಾಕ್ಟರು ಇಸಿಜಿ, ಎಕೋ ಮಾಡಿ, ರಕ್ತ ಮತ್ತು ಮೂತ್ರದ ಪರೀಕ್ಷೆಗೂ ಬರೆದುಕೊಟ್ಟರು. ಉಸಿರಿನ ತೊಂದರೆಗೆ ಮೂತ್ರವೇಕೆಂದು ಅಹ್ಮದಸಾಬರಿಗೆ ತಿಳಿಯಲಿಲ್ಲ. ವರದಿ ಬಂದ ಮೇಲೆ ಡಾಕ್ಟರು, ಯಾವ ಗುಳಿಗೆ ನುಂಗುತ್ತೀರಿ ಎಂದು ಕೇಳಿದರು. ಮೊಣಕಾಲು ನೋವಿಗೆ ಅಂಗಡಿಯಿಂದ ತಂದದ್ದು, ದಿನಕ್ಕೆರಡು, ಏಳು ವರ್ಷದಿಂದ ಎಂದರು ಅಹ್ಮದಸಾಬರು. ಬಿಪಿಯನ್ನು ಅವರು ಎಂದೂ ನೋಡಿಸಿರಲಿಲ್ಲ.

"ಹಾರ್ಟ್ ಅಟ್ಯಾಕ್ ಆಗಿಲ್ಲರಿ. ಆ ನೋವಿನ ಗುಳಿಗಿ, ಏರಿದ ಬಿಪಿ ಎರಡೂ ಸೇರಿ ನಿಮ್ಮ ಕಿಡ್ನಿ ಸೋಲಿಸ್ಯಾವು, ಮೈಯಾಗಿನ ನೀರು ಹೊರಗ ಹೋಗವಲ್ದು. ಆ ಭಾರ ಹೃದಯದ ಮ್ಯಾಲೆ ಬಿದ್ದೈತಿ. ಒಂದು ಸೋತ್ರ ಇನ್ನೊಂದನ್ನೂ ಸೋಲಸ್ತೈತಿ."

ರಕ್ತ ತೊಳೆಯುವ ಯಂತ್ರಕ್ಕೆ ಹೋಗಬೇಕೇ ಎಂದು ಬಸವಂತನೇ ಕೇಳಿದ. ಈಗ ಬೇಡ, ಮೂರರಲ್ಲೊಂದು ಪಾಲು ಕಿಡ್ನಿ ಇನ್ನೂ ದುಡಿಯುತ್ತಿದೆ, ಅದನ್ನು ಕಾಯ್ದುಕೊಂಡರೆ ಹೃದಯಕ್ಕೂ ಒಳ್ಳೆಯದು ಎಂದರು ಡಾಕ್ಟರು. ನೋವಿನ ಗುಳಿಗೆ ಬಂದ್ ಆಯಿತು. ಉಪ್ಪು ಕಡಿಮೆ ಮಾಡಬೇಕು, ಬಿಪಿ ಗುಳಿಗೆ ಒಂದು ದಿನವೂ ತಪ್ಪಿಸಬಾರದು.

ಅಲ್ಲೇ ಆಸ್ಪತ್ರೆಗೆ ಸೇರಿಸಿಕೊಂಡು ನೀರಿಳಿಸುವ ಇಂಜೆಕ್ಷನ್ ಶುರು ಮಾಡಿದರು. ಮೂರು ದಿನಕ್ಕೆ ಅವರ ತೂಕ ಐದು ಕಿಲೋ ಇಳಿಯಿತು. ಆ ಮಧ್ಯಾಹ್ನ ಬುತ್ತಿ ತಂದ ಶಹರಬಾನುವಿಗೆ ಕಂಡದ್ದು, ಮಂಚದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ ಗಂಡ. ಗೋಡೆಗೆ ಒರಗಿ ಮಲಗುತ್ತಿದ್ದುದನ್ನು ಅವಳೂ ನೋಡಿದ್ದಳು, ಕೇಳಲು ಹೆದರಿದ್ದಳು. ಈಗ ಎಬ್ಬಿಸದೆ, ಆ ಗೊರಕೆಯನ್ನೇ ಕೇಳುತ್ತ ಕೂತಳು.

ದೀಪಾವಳಿ ಕಳೆದು ಮದುವೆಗಳು ಶುರುವಾದಾಗ ಅಹ್ಮದಸಾಬರು ಮತ್ತೆ ಊದಿದರು, ಎರಡು ಹಾಡಿಗೊಮ್ಮೆ ಸುಧಾರಿಸಿಕೊಂಡು. ಮೊಣಕಾಲು ನೋಯುತ್ತಲೇ ಇತ್ತು, ಅದಕ್ಕೆ ಬಿಸಿ ಮರಳಿನ ಕಾವು ಕೊಟ್ಟುಕೊಳ್ಳುತ್ತಿದ್ದರು.

೨೦೦೮ರ ತಪಾಸಣೆಯಲ್ಲಿ ಡಾಕ್ಟರು, ಕಿಡ್ನಿಯೂ ಹೃದಯವೂ ಐದು ವರ್ಷದ ಹಿಂದೆ ಇದ್ದಲ್ಲೇ ಇವೆ, ಇನ್ನಷ್ಟು ಸೋತಿಲ್ಲ ಎಂದರು. ಬಸ್ ಸ್ಟ್ಯಾಂಡಿನಲ್ಲಿ ಬಸವಂತ, ಇವತ್ತೊಂದು ದಿನ ಉಪ್ಪಿನ ಲೆಕ್ಕ ಬಿಟ್ಟು ಭಜಿ ತಿನ್ನೋಣವೇ ಎಂದು ಕೇಳಿದ.

"ನೀ ತಿನ್ನು," ಎಂದು ನಕ್ಕರು ಅಹ್ಮದಸಾಬರು. "ನಾ ನೋಡ್ಕೋತ ಕುಂಡರ್ತೇನಿ."