ಐವತ್ತಮೂರು ಒಲೆಗಳ ಊರು

ಮೊನ್ನೆಮೊನ್ನೆಯವರೆಗೆ, ಸಂತೆಕಲ್ಲೂರಿನಿಂದ ಮಸ್ಕಿ ಕಡೆ ಹೋಗುವ ಆಟೊದಲ್ಲಿ ಕುಳಿತು, ಒಂಟಿ ಬೇವಿನ ಮರ ಕಂಡ ಕೂಡಲೇ ಚಾಲಕನ ಬೆನ್ನು ತಟ್ಟಿದರೆ ನಮ್ಮ ದೊಡ್ಡಿ. ತಟ್ಟುವುದು ತುಸು ತಡವಾದರೆ ದೊಡ್ಡಿ ಮುಗಿದಿರುತ್ತಿತ್ತು. ಪೂರ್ವಕ್ಕೆ ಜೋಳದ ಹೊಲ, ಪಶ್ಚಿಮಕ್ಕೆ ಬಂಡೆಗಲ್ಲಿನ ಗುಡ್ಡ, ಉತ್ತರಕ್ಕೆ ಮತ್ತೆ ಜೋಳ. ದಕ್ಷಿಣದ ಗಡಿಯ ಕುರಿತು ಎರಡು ಮನೆತನಗಳಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಕುರಿ ಕೂಡಿಸಲು ಹಾಕಿದ ಬೇಲಿಯ ಸುತ್ತ ಮನೆಗಳೆದ್ದು ಮೂರು ತಲೆಮಾರಾದರೂ ಸರ್ಕಾರದ ನಕಾಶೆಯಲ್ಲಿ ನಾವಿದ್ದ ಜಾಗ ಬರೀ ಹೊಲ. ಅದೂ ಬೇರೆಯವರ ಹೆಸರಿನ ಹೊಲ.

ಹಳೆಯ ಮಾಲೀಕರ ಮೊಮ್ಮಗನೊಬ್ಬ ಬಂದು, ಜಾಗ ತಮ್ಮದೆಂದು ಸೌಜನ್ಯದಿಂದಲೇ ಹೇಳಿ ಹೋದ ಮೇಲೆ ನಮ್ಮ ದೊಡ್ಡವ್ವನಿಗೆ ಅನ್ನ ಸೇರುತ್ತಿರಲಿಲ್ಲ. ದೊಡ್ಡಿಗೆಲ್ಲ ಹಿರಿಯಳು, ಐದು ಗಂಡುಮಕ್ಕಳ ತಾಯಿ. ಅಷ್ಟರಲ್ಲಿ ಇಂಥ ದಾಖಲೆಯಿಲ್ಲದ ವಸತಿಗಳನ್ನು ಊರೆಂದು ಬರೆದು ಮನೆಮನೆಗೆ ಹಕ್ಕುಪತ್ರ ಕೊಡುತ್ತಾರೆಂಬ ಸುದ್ದಿ ಬಂತು. ಐವತ್ತು ಸಂಸಾರಗಳಿರಬೇಕು, ಅಷ್ಟೆ. ಇದ್ದೆವು, ಧಾರಾಳವಾಗಿ.

ಆದರೆ ನಮ್ಮಲ್ಲೊಂದು ಪದ್ಧತಿ. ಹೆತ್ತವ್ವ ಇರುವತನಕ ಅಣ್ಣತಮ್ಮಂದಿರು ಬೇರೆಯಾದೆವೆಂದು ಹೊರಗಿನವರ ಮುಂದೆ ಬಾಯಿಬಿಡಬಾರದು. ಸೂರು ಐದಾಗಲಿ, ಮಾತು ಬಿಟ್ಟು ವರ್ಷವಾಗಲಿ, ಮನೆ ಒಂದೇ. ಕಂದಾಯ ಇಲಾಖೆಯ ತಲಾಠಿ ಸಂಸಾರಗಳನ್ನು ಎಣಿಸಲು ಬಂದಾಗ ಇಡೀ ದೊಡ್ಡಿ ಈ ಘನತೆಯನ್ನು ಕಾಪಾಡಿತು. ನನಗೂ ನನ್ನ ಅಣ್ಣನಿಗೂ ನಡುವೆ ಆಳೆತ್ತರದ ಗೋಡೆ ಎದ್ದಿತ್ತು. ಅದಕ್ಕೇ ಒರಗಿ ನಿಂತು, ನಾವು ಒಂದೇ ಮನೆಯವರೆಂದು ನಾನೂ ಬರೆಸಿದೆ. ಪಟ್ಟಿಯಲ್ಲಿ ಇಪ್ಪತ್ತೊಂದು ಸಂಸಾರಗಳಾದವು.

ಇಷ್ಟಕ್ಕೆ ಊರಾಗುವುದಿಲ್ಲ, ಸೋಮವಾರ ಮತ್ತೊಮ್ಮೆ ಬರುತ್ತೇನೆ, ಅದೇ ಕೊನೆ ಎಂದು ತಲಾಠಿ ಹೇಳಿಹೋದರು. ಬೇವಿನ ಕಟ್ಟೆಯ ಮೇಲೆ ಗಂಭೀರ ಸಭೆ ಕೂಡಿತು. ಬೇರೆಯಾಗಿದ್ದೇವೆಂದು ಹೇಳಲು ಎಲ್ಲರೂ ಸಿದ್ಧರಿದ್ದರು, ಪಕ್ಕದ ಮನೆಯವರು ಮೊದಲು ಹೇಳುವುದಾದರೆ.

ಸೋಮವಾರ ತಲಾಠಿ ನೇರವಾಗಿ ದೊಡ್ಡವ್ವನ ಬಾಗಿಲಿಗೇ ಬಂದರು.

"ಅವ್ವಾ, ಮಕ್ಕಳು ಬ್ಯಾರೆ ಆಗ್ಯಾರೇನು?"

ದೊಡ್ಡವ್ವ ಕೋಲು ಊರಿ ಎದ್ದಳು.

"ಮನಿ ಒಂದ ಐತಪ್ಪಾ. ಒಲಿ ಐದು ಅದಾವ. ನೀ ಒಲಿ ಬರಕೋ."

ತಲಾಠಿಯ ಮುಖ ಅರಳಿತು. ಬೇರೆ ಅಡಿಗೆಯಾದರೆ ಬೇರೆ ಸಂಸಾರವೇ ಎಂದರು. ದೊಡ್ಡವ್ವ ಅವರನ್ನು ಸೊಸೆಯಂದಿರ ಒಂದೊಂದು ಅಡಿಗೆಮನೆಗೂ ಕರೆದೊಯ್ದಳು. ಮೂರನೆಯವಳ ಒಲೆಯ ಮುಂದೆ ಮಾತ್ರ ತುಸು ನಿಂತಳು.

"ಈಕಿ ಸಾರು ನಾ ಬಾಯಾಗ ಇಡಂಗಿಲ್ಲ. ಇದನ್ನ ದಪ್ಪ ಅಕ್ಷರದಾಗ ಬರಿ."

"ನಿಮ್ಮ ಮಗ ಉಣತಾನ ಬಿಡ್ರಿ, ಅತ್ತಿ," ಎಂದಳು ಸೊಸೆ.

ಹಿರಿಯಳೇ ದಾರಿ ತೋರಿದ ಮೇಲೆ ಉಳಿದವರಿಗೆ ಯಾವ ಸಂಕೋಚ? ಅಡಿಗೆ ಮುಗಿಸಿ ಒಲೆ ಆರಿಸಿದ್ದವರೂ ಸಾಕ್ಷಿಗೆಂದು ಮತ್ತೆ ಹೊತ್ತಿಸಿದರು. ನಡುಮಧ್ಯಾಹ್ನ ದೊಡ್ಡಿಯ ಮೇಲೆ ಹೊಗೆ ಎದ್ದಿದ್ದು ಕಂಡು ಪಕ್ಕದ ಊರಿನವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿಬಂದರು. ಉರಿಯುವ ಒಲೆ ಸುಮ್ಮನಿರಬಾರದೆಂದು ಎಲ್ಲೆಡೆ ಚಹಾ ಕುದಿಯಿತು. ಐವತ್ತಮೂರನೆಯ ಒಲೆಯ ಮುಂದೆ ತಲಾಠಿ ಕೈಮುಗಿದು, ಊರಾಗಿದೆ, ಇನ್ನು ಚಹಾ ಬೇಡವೆಂದರು.

ಈಗ ಬೇವಿನ ಮರಕ್ಕೆ ನಾಮಫಲಕವಿದೆ. ಆಟೊದವನ ಬೆನ್ನು ತಟ್ಟಬೇಕಿಲ್ಲ. ದೊಡ್ಡವ್ವನ ಮಕ್ಕಳಿಗೆ ಐದು ಹಕ್ಕುಪತ್ರ ಬಂದವು. ಐದನ್ನೂ ಒಂದೇ ಬಟ್ಟೆಯಲ್ಲಿ ಗಂಟು ಕಟ್ಟಿ ಅವಳು ತನ್ನ ಟ್ರಂಕಿನಲ್ಲಿಟ್ಟಿದ್ದಾಳೆ. ತಮ್ಮತಮ್ಮದನ್ನು ಕೊಡೆಂದು ಮಕ್ಕಳು ಕೇಳಿದರೆ, ಮನೆ ಒಂದೇ ಅಲ್ಲವೇ ಎನ್ನುತ್ತಾಳೆ.